ಸರ್ಕಾರಿ ಜಾಲತಾಣಗಳ ಮರುವಿನ್ಯಾಸ: ಬಣ್ಣ ಬಳಿದರಷ್ಟೇ ಸಾಲದು

2021ರ ಮೇ ತಿಂಗಳು. ಕೋವಿಡ್‌ನ ಎರಡನೇ ಅಲೆ ದೇಶವನ್ನು ನಡುಗಿಸುತ್ತಿದ್ದ ದಿನಗಳವು. 18ರಿಂದ 44 ವರ್ಷದೊಳಗಿನವರು ಲಸಿಕೆ ಪಡೆಯಬೇಕಾದರೆ ಮೊದಲು ಕೋವಿನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ದಿನ ಮತ್ತು ಕೇಂದ್ರವನ್ನು ಕಾಯ್ದಿರಿಸುವುದು ಆರಂಭದಲ್ಲಿ ಕಡ್ಡಾಯವಾಗಿತ್ತು. ಅವಕಾಶ ತೆರೆದ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಭರ್ತಿಯಾಗುತ್ತಿತ್ತು. ಬೆರಳು ಚುರುಕಾಗಿದ್ದವರಿಗೆ ಲಸಿಕೆ. ಉಳಿದವರಿಗೆ ಮರುದಿನದ ಪ್ರಯತ್ನ. ಹಾಗಾದರೆ ಕಣ್ಣು ಕಾಣದವರ ಪಾಡೇನು?

ಆ ತಿಂಗಳ 31ರಂದು ಸುಪ್ರೀಂ ಕೋರ್ಟ್ ಹೊರಡಿಸಿದ ಆದೇಶದಲ್ಲಿ ಇದಕ್ಕೆ ಉತ್ತರವಿದೆ. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಬರೆಯಬೇಕಾದ 'ಕ್ಯಾಪ್ಚಾ'ಗೆ ಧ್ವನಿಯ ಪರ್ಯಾಯವಿಲ್ಲ. ವಯಸ್ಸು, ಲಸಿಕೆಯ ಹೆಸರು ಮುಂತಾಗಿ ಆಯ್ಕೆ ಮಾಡುವ ಗುಂಡಿಗಳನ್ನು ಅಂಧರು ಬಳಸುವ ತಂತ್ರಾಂಶ ಗುರುತಿಸಲಾರದು. ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ತಾಣದಲ್ಲಿ ಸಂಚರಿಸಲು ಆಗದು. ನಿಧಾನವಾಗಿ ಬಳಸುವವರನ್ನು ತಾಣವೇ ಹೊರದೂಡುತ್ತದೆ. ನ್ಯಾಯಾಲಯದ ಮುಂದೆ ಬಂದ ಈ ನ್ಯೂನತೆಗಳಲ್ಲಿ ಒಂದೂ ಹೊಸ ಸಂಶೋಧನೆ ಬೇಡುವಂಥದ್ದಲ್ಲ. ಪರಿಹಾರಗಳು ಆ ವೇಳೆಗಾಗಲೇ ಎರಡು ದಶಕಗಳಿಂದ ಪುಸ್ತಕದಲ್ಲಿದ್ದವು. ಕೋವಿನ್ ಇಂಗ್ಲಿಷಿನ ಹೊರತು ಕನ್ನಡವೂ ಸೇರಿದಂತೆ ಇತರ ಭಾರತೀಯ ಭಾಷೆಗಳಲ್ಲಿ ದೊರೆತದ್ದೂ 2021ರ ಜೂನ್‌ನಲ್ಲಿ, ಅಂದರೆ ಆ ಆದೇಶದ ನಂತರ.

ಸರ್ಕಾರಿ ಸಂಸ್ಥೆಯೊಂದರ ಜಾಲತಾಣವನ್ನು 'ನವೀಕರಿಸಲಾಗಿದೆ' ಎಂಬ ಪ್ರಕಟಣೆ ಪತ್ರಿಕಾ ಕಚೇರಿಗೆ ಆಗಾಗ ಬರುತ್ತಿರುತ್ತದೆ. ತೆರೆದು ನೋಡಿದರೆ ಮುಖಪುಟದ ಬಣ್ಣ ಬದಲಾಗಿರುತ್ತದೆ, ಗಣ್ಯರ ಭಾವಚಿತ್ರಗಳು ದೊಡ್ಡದಾಗಿರುತ್ತವೆ, ತಾನಾಗಿಯೇ ಸರಿಯುವ ಚಿತ್ರಗಳ ಸಾಲೊಂದು ಸೇರಿರುತ್ತದೆ. ಅರ್ಜಿ ಮಾತ್ರ ಎಲ್ಲಿತ್ತೋ ಅಲ್ಲಿಯೇ, ಹೇಗಿತ್ತೋ ಹಾಗೆಯೇ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ನೆನಪಾಗುವುದು ಇಂಥಲ್ಲಿ. ನಿಜವಾದ ಮರುವಿನ್ಯಾಸವೆಂದರೆ ಏನು, ಅದು ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕಿವಿಯಿಂದ ಓದುವವರು

ಈ ಚರ್ಚೆಯಲ್ಲಿ ಎರಡು ಪರಿಕಲ್ಪನೆಗಳು ಜೊತೆಯಾಗಿ ಬರುತ್ತವೆ. ಬಂದವನ ಕೆಲಸ ತಡವರಿಕೆಯಿಲ್ಲದೆ ಮುಗಿಯುವುದು ಬಳಕೆಯ ಸುಲಭತೆ. ಅಂಧರು, ಕಿವುಡರು, ಕೈ ಸ್ವಾಧೀನವಿಲ್ಲದವರು, ವೃದ್ಧರು ಎಲ್ಲರೂ ಆ ಕೆಲಸವನ್ನು ಪರರ ನೆರವಿಲ್ಲದೆ ಮಾಡಿಕೊಳ್ಳುವಂತಿರುವುದು ಸುಗಮ್ಯತೆ. ಮೊದಲನೆಯದಿಲ್ಲದಿದ್ದರೆ ಸಿಟ್ಟು ಬರುತ್ತದೆ. ಎರಡನೆಯದಿಲ್ಲದಿದ್ದರೆ ಬಾಗಿಲೇ ಮುಚ್ಚಿದಂತೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಅವರಲ್ಲಿ ದೃಷ್ಟಿದೋಷವುಳ್ಳವರು 2.6 ಲಕ್ಷಕ್ಕೂ ಹೆಚ್ಚು. ಅಂಧರು ಗಣಕಯಂತ್ರವನ್ನು ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಮೂಲಕ. ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಆಸ್ಟ್ರೇಲಿಯದ ಇಬ್ಬರು ಅಂಧ ತಂತ್ರಜ್ಞರು 2006ರಲ್ಲಿ ಆರಂಭಿಸಿದ 'ಎನ್‌ವಿಡಿಎ' ಉಚಿತವಾಗಿ ದೊರೆಯುತ್ತದೆ. ಅದರೊಡನೆ ಬರುವ 'ಇಸ್ಪೀಕ್' ಧ್ವನಿ ಕನ್ನಡವನ್ನೂ ಓದಬಲ್ಲದು. ಆ್ಯಂಡ್ರಾಯ್ಡ್ ಫೋನುಗಳಲ್ಲಿ 'ಟಾಕ್‌ಬ್ಯಾಕ್' ಇದೇ ಕೆಲಸ ಮಾಡುತ್ತದೆ.

ಈ ತಂತ್ರಾಂಶ ನೋಡುವುದು ಪುಟದ ಚಂದವನ್ನಲ್ಲ, ಅದರ ಹಿಂದಿನ ಸಂಕೇತಗಳನ್ನು. ದೊಡ್ಡ ದಪ್ಪ ಅಕ್ಷರದಲ್ಲಿರುವ ಸಾಲು ನಮ್ಮ ಕಣ್ಣಿಗೆ ಶೀರ್ಷಿಕೆ. ಆದರೆ ಅದು ಶೀರ್ಷಿಕೆ ಎಂದು ಸಂಕೇತದಲ್ಲಿ ಗುರುತಿಸದಿದ್ದರೆ ಕೇಳುವವನಿಗೆ ಅದೂ ಹತ್ತರಲ್ಲಿ ಒಂದು ಸಾಲು. ಕಣ್ಣುಳ್ಳವರು ಪುಟದ ಮೇಲೆ ದೃಷ್ಟಿ ಹಾಯಿಸಿ ಬೇಕಾದಲ್ಲಿ ನಿಲ್ಲುವಂತೆ, ಅಂಧರು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತ ಹೋಗುತ್ತಾರೆ. ಶೀರ್ಷಿಕೆಗಳಿಲ್ಲದ ಪುಟವನ್ನು ಮೇಲಿನಿಂದ ಕೊನೆಯವರೆಗೆ ಕೇಳಲೇಬೇಕು. ಚಿತ್ರಕ್ಕೆ ವಿವರಣೆ ಬರೆಯದಿದ್ದರೆ ತಂತ್ರಾಂಶ 'ಚಿತ್ರ' ಎಂದಷ್ಟೇ ಹೇಳಿ ಮುಂದೆ ಸಾಗುತ್ತದೆ, ಇಲ್ಲವೇ ಕಡತದ ಹೆಸರಿನ ಅಂಕಿಗಳನ್ನು ಒಂದೊಂದಾಗಿ ಒದರುತ್ತದೆ. ಅರ್ಜಿಯ ಖಾಲಿ ಚೌಕಕ್ಕೂ ಅದರ ಪಕ್ಕದ 'ತಂದೆಯ ಹೆಸರು' ಎಂಬ ಪದಕ್ಕೂ ಸಂಕೇತದಲ್ಲಿ ನಂಟು ಕಲ್ಪಿಸದಿದ್ದರೆ, ಕೇಳುವವನಿಗೆ ತಿಳಿಯುವುದು 'ಇಲ್ಲಿ ಏನನ್ನೋ ಬರೆಯಬೇಕು' ಎಂಬುದು ಮಾತ್ರ. 'ಇಲ್ಲಿ ಕ್ಲಿಕ್ ಮಾಡಿ' ಎಂಬ ಕೊಂಡಿಗಳ ಕತೆಯೂ ಇದೇ. ಒಂದು ಪುಟದಲ್ಲಿ ಅಂಥ 20 ಕೊಂಡಿಗಳಿದ್ದರೆ, ಅವುಗಳ ಪಟ್ಟಿ ಕೇಳುವವನಿಗೆ 20 ಸಲ ಒಂದೇ ಮಾತು.

ಕನ್ನಡದ ವಿಶೇಷ ತೊಡಕು

ಕನ್ನಡದ ಸರ್ಕಾರಿ ತಾಣಗಳಿಗೆ ಇವೆಲ್ಲದರ ಜೊತೆಗೆ ಇನ್ನೊಂದು ಪಿತ್ರಾರ್ಜಿತ ಸಮಸ್ಯೆಯಿದೆ. ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿತ್ತು. ಆದರೆ ಗಣಕಗಳು ಅದನ್ನು ಸರಿಯಾಗಿ ತೋರಿಸುವಂತಾಗಲು ಮತ್ತೊಂದು ದಶಕ ಹಿಡಿಯಿತು. ಆ ಅವಧಿಯಲ್ಲಿ ನುಡಿ, ಬರಹ ಮುಂತಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಅವು ಅನುಸರಿಸಿದ ಉಪಾಯ ಇಷ್ಟು: ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸುವುದು. ಕಣ್ಣಿಗೆ ಕಾಣುವುದು 'ಕ'. ಗಣಕದ ಲೆಕ್ಕದಲ್ಲಿ ಅದು ಇಂಗ್ಲಿಷಿನ 'ಪಿ' ಅಕ್ಷರ, ಅದರ ಬೆನ್ನಿಗೆ ತಲೆಯ ಮೇಲೆ ಗೀಟು ಹೊತ್ತ 'ಎ' ಅಕ್ಷರ.

ಮುದ್ರಣಕ್ಕೆ ಇದು ಸಾಕಾಗಿತ್ತು. ಆದರೆ ಅದೇ ಕಡತವನ್ನು ಜಾಲತಾಣಕ್ಕೆ ಏರಿಸಿದಾಗ ಸ್ಕ್ರೀನ್ ರೀಡರ್ ಅದನ್ನು ಕನ್ನಡವೆಂದು ಗುರುತಿಸದೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗಿ ಓದುತ್ತದೆ. ಗೂಗಲ್‌ನಲ್ಲಿ ಹುಡುಕಿದರೂ ಸಿಗದು. ಹುಡುಕುವವನು ಬರೆದದ್ದು ಕನ್ನಡ, ಕಡತದಲ್ಲಿರುವುದು ಬೇರೆಯೇ. ಅಂದರೆ ಅಂಧರಿಗೆ ಮುಚ್ಚಿದ ಬಾಗಿಲು ಕಣ್ಣುಳ್ಳವರಿಗೂ ಮುಚ್ಚಿಯೇ ಇದೆ. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಲಭ್ಯವಿವೆ. ಹೊಸ ಪುಟಗಳು ಬಹುಮಟ್ಟಿಗೆ ಯೂನಿಕೋಡ್‌ನಲ್ಲಿಯೇ ಬರುತ್ತಿವೆ. ಉಳಿದಿರುವುದು ಹಳೆಯ ಕಡತಗಳ ರಾಶಿ ಮತ್ತು ಹಳೆಯ ರೂಢಿ.

ಅದಕ್ಕಿಂತ ದೊಡ್ಡ ತೊಡಕು ಸ್ಕ್ಯಾನ್ ಮಾಡಿದ ಆದೇಶಗಳದು. ಕಚೇರಿಯಲ್ಲಿ ಆದೇಶವನ್ನು ಗಣಕದಲ್ಲಿಯೇ ಬೆರಳಚ್ಚು ಮಾಡುತ್ತಾರೆ. ಬಳಿಕ ಮುದ್ರಿಸಿ, ಸಹಿ ಮಾಡಿಸಿ, ಮೊಹರು ಒತ್ತಿ, ಆ ಕಾಗದದ ಚಿತ್ರ ತೆಗೆದು ಪಿಡಿಎಫ್ ಆಗಿ ಪ್ರಕಟಿಸುತ್ತಾರೆ. ಅಕ್ಷರವಾಗಿದ್ದದ್ದು ಹೀಗೆ ಚಿತ್ರವಾಗುತ್ತದೆ. ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಹಾಳೆ. ಫೋನಿನಲ್ಲಿ ಓದುವ ರೈತನಿಗೂ ಆ ಪುಟವನ್ನು ಹಿಗ್ಗಿಸಿ ಎಡಕ್ಕೂ ಬಲಕ್ಕೂ ಎಳೆದಾಡುವ ಕಷ್ಟ ತಪ್ಪದು. ಸಹಿ ಇರುವ ಪ್ರತಿ ದಾಖಲೆಗೆ ಬೇಕೇಬೇಕು ಎಂಬುದು ಸರಿಯಾದ ವಾದ. ಆದರೆ ಅದರ ಪಕ್ಕದಲ್ಲಿ ಮೂಲ ಪಠ್ಯವನ್ನೂ ಹಾಕಲು ಯಾವ ಕಾನೂನೂ ಅಡ್ಡಿಯಲ್ಲ.

ಮತ್ತೊಂದು ಸಣ್ಣ ಸಂಗತಿ. ಪ್ರತಿ ಪುಟದ ಸಂಕೇತದಲ್ಲಿ ಅದು ಯಾವ ಭಾಷೆಯಲ್ಲಿದೆ ಎಂದು ನಮೂದಿಸಬೇಕು. ಇಂಗ್ಲಿಷ್ ಪುಟವನ್ನು ನಕಲು ಮಾಡಿ ಕನ್ನಡದ ಪುಟ ಕಟ್ಟಿದಾಗ ಆ ನಮೂದು 'ಇಂಗ್ಲಿಷ್' ಎಂದೇ ಉಳಿಯುವುದುಂಟು. ಆಗ ಇಂಗ್ಲಿಷ್ ಧ್ವನಿಯೇ ಕನ್ನಡ ಓದಲು ಹೊರಟು ಅಕ್ಷರಗಳನ್ನು ನುಂಗಿಬಿಡಬಹುದು. ತಿದ್ದಲು ಬೇಕಾದದ್ದು ಎರಡಕ್ಷರದ ಬದಲಾವಣೆ.

ಬ್ರಿಟನ್ ಮಾಡಿದ್ದೇನು?

ಸರ್ಕಾರಿ ತಾಣಗಳ ಮರುವಿನ್ಯಾಸಕ್ಕೆ ಜಗತ್ತಿನಾದ್ಯಂತ ಉದಾಹರಣೆಯಾಗಿ ನಿಂತಿರುವುದು ಬ್ರಿಟನ್ನಿನ 'ಗವ್ ಡಾಟ್ ಯುಕೆ'. 2010ರಲ್ಲಿ ಅಲ್ಲಿನ ಸರ್ಕಾರದ ಕೋರಿಕೆಯ ಮೇರೆಗೆ ವರದಿ ಸಲ್ಲಿಸಿದವರು ಮಾರ್ತಾ ಲೇನ್ ಫಾಕ್ಸ್. ಅಂತರ್ಜಾಲದಲ್ಲಿ ಪ್ರವಾಸದ ಟಿಕೆಟ್ ಮಾರುವ ಕಂಪನಿಯೊಂದರ ಸಹ ಸಂಸ್ಥಾಪಕಿಯಾಗಿದ್ದ ಅವರು, ತೇಪೆ ಹಾಕುವ ಕೆಲಸ ಸಾಕು, ಕ್ರಾಂತಿಯೇ ಬೇಕು ಎಂದರು. ಇಲಾಖೆಗೊಂದು ತಾಣದ ಬದಲು ಇಡೀ ಸರ್ಕಾರಕ್ಕೆ ಒಂದೇ ತಾಣ, ಅದರ ಮೇಲೆ ಬಳಕೆದಾರರ ಪರವಾಗಿ ಅಧಿಕಾರ ಚಲಾಯಿಸುವ ಒಂದು ಕೇಂದ್ರ ತಂಡ ಎಂಬುದು ಅವರ ಸಲಹೆಯ ತಿರುಳು.

2011ರ ಮೇ ತಿಂಗಳಲ್ಲಿ ಸಣ್ಣ ತಂಡವೊಂದು 12 ವಾರಗಳಲ್ಲಿ ಕಟ್ಟಿದ ಮಾದರಿ ಸಾರ್ವಜನಿಕರ ಮುಂದೆ ಬಂತು. ಆ ಮೊದಲ ಮಾದರಿಯಲ್ಲಿ ಸುಗಮ್ಯತೆಗೆ ಆದ್ಯತೆ ನೀಡದಿದ್ದುದಕ್ಕೆ ಟೀಕೆ ಎದುರಾಯಿತು. ಮುಂದಿನ ಹಂತದಲ್ಲಿ ತಂಡ ಅದನ್ನು ತಿದ್ದಿಕೊಳ್ಳಬೇಕಾಯಿತು. 2012ರ ಜನವರಿಯಲ್ಲಿ ಪ್ರಾಯೋಗಿಕ ಆವೃತ್ತಿ ಬಂತು, ಅದೇ ವರ್ಷ ಅಕ್ಟೋಬರ್ 17ರಂದು ಪೂರ್ಣ ತಾಣ ಆರಂಭವಾಯಿತು. ಬಳಿಕ ಸಚಿವಾಲಯಗಳ ಮತ್ತು ನೂರಾರು ಸಂಸ್ಥೆಗಳ ಪ್ರತ್ಯೇಕ ತಾಣಗಳು ಅದರಲ್ಲಿ ಲೀನವಾದವು.

ಆ ತಂಡ 2012ರಲ್ಲಿ ಪ್ರಕಟಿಸಿದ ಹತ್ತು ಸೂತ್ರಗಳಲ್ಲಿ ಮೊದಲನೆಯದು ಬಳಕೆದಾರನ ಅಗತ್ಯದಿಂದ ಆರಂಭಿಸಬೇಕು ಎಂಬುದು. ಕೇಳಲು ಸಪ್ಪೆ. ಆದರೆ ಜಾರಿಗೆ ತಂದಾಗ ಕಚೇರಿಯ ಲೋಕವೇ ತಲೆಕೆಳಗಾಗುತ್ತದೆ. ನಮ್ಮ ತಾಣಗಳ ಪಟ್ಟಿಕೆಗಳನ್ನು ಗಮನಿಸಿ: ಇಲಾಖೆಯ ಬಗ್ಗೆ, ದೃಷ್ಟಿ ಮತ್ತು ಧ್ಯೇಯ, ಆಡಳಿತ ರಚನೆ, ವಿಭಾಗಗಳು, ಸುತ್ತೋಲೆಗಳು. ಇದು ಕಚೇರಿಯ ಕಟ್ಟಡದ ನಕಾಶೆ. ಜನ ಬರುವುದು ನಕಾಶೆ ನೋಡಲಲ್ಲ. ಪಿಂಚಣಿ ಏಕೆ ನಿಂತಿತು, ಪಡಿತರ ಚೀಟಿಗೆ ಮಗುವಿನ ಹೆಸರು ಸೇರಿಸುವುದು ಹೇಗೆ ಎಂದು ಕೇಳಲು ಅವರು ಬರುತ್ತಾರೆ. ಆ ಕೆಲಸ ಯಾವ ಇಲಾಖೆಯ ಯಾವ ವಿಭಾಗಕ್ಕೆ ಸೇರಿದ್ದು ಎಂಬುದು ಅವರಿಗೆ ತಿಳಿದಿರಬೇಕಿಲ್ಲ. ಬ್ರಿಟನ್ನಿನ ತಾಣದಲ್ಲಿ ಸಾರ್ವತ್ರಿಕ ರಜೆಗಳ ಪುಟವೊಂದಿದೆ. ಮುಂದಿನ ರಜೆ ಯಾವಾಗ ಎಂಬ ದಿನಾಂಕ ದೊಡ್ಡ ಅಕ್ಷರಗಳಲ್ಲಿ ಮೇಲೆಯೇ ಇರುತ್ತದೆ, ವರ್ಷದ ಪಟ್ಟಿ ಅದರ ಕೆಳಗೆ. ಜನ ಕೇಳಿದ ಪ್ರಶ್ನೆಗೆ ಮೊದಲ ಸಾಲಿನಲ್ಲಿ ಉತ್ತರ. ನಮ್ಮಲ್ಲಾದರೆ ಅಧಿಸೂಚನೆಯ ಸಂಖ್ಯೆ, ಓದಲಾಗಿದೆ, ಪ್ರಸ್ತಾವನೆ, ಅನಂತರ ರಜೆ.

ದಿನಾಂಕದ ವಿಚಾರವನ್ನೇ ಇನ್ನಷ್ಟು ನೋಡೋಣ. ಜನ್ಮ ದಿನಾಂಕ ನಮೂದಿಸಲು ಅನೇಕ ಅರ್ಜಿಗಳಲ್ಲಿ ಪುಟ್ಟ ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ. ತಿಂಗಳಿಂದ ತಿಂಗಳಿಗೆ ಬಾಣದ ಗುರುತು ಒತ್ತುತ್ತ ಹಿಂದೆ ಸರಿಯಬೇಕು. ಎಪ್ಪತ್ತು ವರ್ಷದ ಹಿರಿಯರೊಬ್ಬರು ತಾವು ಹುಟ್ಟಿದ ತಿಂಗಳನ್ನು ತಲುಪಲು 840 ಸಲ ಒತ್ತಬೇಕಾಗುತ್ತದೆ! ವರ್ಷ ಆರಿಸುವ ಬೇರೆ ದಾರಿ ಅದರಲ್ಲಿಯೇ ಇರಬಹುದು. ಇದೆ ಎಂದು ಅವರಿಗೆ ಹೇಳುವವರಾರು? ಬ್ರಿಟನ್ನಿನ ತಂಡ ಜನರನ್ನು ಕೂರಿಸಿ ಪರೀಕ್ಷಿಸಿ ನೋಡಿ ಕಂಡುಕೊಂಡ ಪರಿಹಾರ ತೀರಾ ಸಾಧಾರಣ: ದಿನ, ತಿಂಗಳು, ವರ್ಷ ಎಂದು ಮೂರು ಖಾಲಿ ಚೌಕ. ಬರೆದರಾಯಿತು. ಒಂದು ಪರದೆಯಲ್ಲಿ ಒಂದೇ ಪ್ರಶ್ನೆ ಎಂಬ ಪದ್ಧತಿಯನ್ನೂ ಅವರು ಹೀಗೆಯೇ ರೂಢಿಸಿದರು. ಅಕ್ಷರವಿನ್ಯಾಸಕ್ಕೆ ಅವರು ಮೊರೆಹೋದದ್ದು ಬ್ರಿಟನ್ನಿನ ರಸ್ತೆ ಫಲಕಗಳ ಅಕ್ಷರಗಳ ವಿನ್ಯಾಸಕಾರರಲ್ಲಿ ಒಬ್ಬರಾದ ಮಾರ್ಗರೆಟ್ ಕ್ಯಾಲ್ವರ್ಟ್ ಅವರ ನೆರವಿನಿಂದ ರೂಪುಗೊಂಡ ಲಿಪಿಗೆ. ವೇಗವಾಗಿ ಚಲಿಸುವ ವಾಹನದಿಂದಲೂ ಓದಿಸಿಕೊಳ್ಳುವ ಅಕ್ಷರ ಪರದೆಯ ಮೇಲೂ ಓದಿಸಿಕೊಂಡಿತು.

ತಾಣ ನೋಡಲು ನೀರಸ ಎಂಬ ಗೇಲಿಯೂ ಕೇಳಿಬಂತು. 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ 'ವರ್ಷದ ವಿನ್ಯಾಸ' ಪ್ರಶಸ್ತಿಯನ್ನು ಕೊಟ್ಟದ್ದು ಆ ನೀರಸ ತಾಣಕ್ಕೆ. ಸ್ಪರ್ಧೆಯಲ್ಲಿ ಲಂಡನ್ನಿನ ಗಗನಚುಂಬಿ ಕಟ್ಟಡ 'ದಿ ಶಾರ್ಡ್' ಕೂಡ ಇತ್ತು.

ಅಮೆರಿಕದ ಅನುಭವ ಇದಕ್ಕೆ ವಿರುದ್ಧವಾದದ್ದು. 2013ರ ಅಕ್ಟೋಬರ್ 1ರಂದು ಆರಂಭವಾದ ಆರೋಗ್ಯ ವಿಮೆಯ ಸರ್ಕಾರಿ ತಾಣದಲ್ಲಿ ಮೊದಲ ದಿನ ನೋಂದಣಿ ಪೂರೈಸಲು ಸಾಧ್ಯವಾದದ್ದು ಕೇವಲ ಆರು ಮಂದಿಗೆ. ಕಾರಣಗಳು ಹಲವು. ಅವುಗಳಲ್ಲಿ ಒಂದು, ವಿಮೆಯ ದರ ಎಷ್ಟೆಂದು ನೋಡುವ ಮೊದಲೇ ಪ್ರತಿಯೊಬ್ಬರೂ ಖಾತೆ ತೆರೆಯಬೇಕೆಂಬ ನಿಯಮ. ಸುಮ್ಮನೆ ನೋಡಿ ಹೋಗಲು ಬಂದವರೆಲ್ಲ ಒಂದೇ ಕಿಂಡಿಯ ಮುಂದೆ ನಿಂತರು. ಬೆಲೆ ಕೇಳಲು ಬಂದವನಿಗೆ ಅಂಗಡಿಯವನು ಆಧಾರ್ ಕಾರ್ಡ್ ತೋರಿಸು ಎಂದಂತೆ.

ಅಳತೆಗೋಲು ಇದೆ

ಸುಗಮ್ಯತೆ ಎಂಬುದು ಅಭಿರುಚಿಯ ವಿಷಯವಲ್ಲ. ಅದಕ್ಕೆ ಅಳತೆಗೋಲಿದೆ. ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ 1999ರಲ್ಲಿ ಮೊದಲ ಮಾರ್ಗಸೂಚಿ ಪ್ರಕಟಿಸಿತು. 2008, 2018 ಮತ್ತು 2023ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿರಬೇಕು. ಸಮಯ ಮುಗಿದು ತಾಣದಿಂದ ಹೊರಬೀಳುವ ಮುನ್ನ ಎಚ್ಚರಿಸಿ, ಸಮಯ ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡು ಕೊಡಬೇಕು. ಒಮ್ಮೆ ಕೊಟ್ಟ ಮಾಹಿತಿಯನ್ನು ಅದೇ ಅರ್ಜಿಯಲ್ಲಿ ಮತ್ತೆ ಬರೆಯಿಸಬಾರದು ಎಂಬುದು 2023ರ ಸೇರ್ಪಡೆ. ಕಾಯಂ ವಿಳಾಸ, ಪ್ರಸ್ತುತ ವಿಳಾಸ ಎಂದು ಎರಡೆರಡು ಸಲ ಒಂದನ್ನೇ ಬರೆದು ದಣಿದವರು ಇದಕ್ಕೆ ಖಂಡಿತ ತಲೆದೂಗುತ್ತಾರೆ.

ಈ ಲೇಖನದ ಸಿದ್ಧತೆಗಾಗಿ ಒಂದು ಕಚೇರಿಯ ತಾಣವನ್ನು ಮೌಸ್ ಬದಿಗಿಟ್ಟು, ಟ್ಯಾಬ್ ಕೀಲಿಯನ್ನಷ್ಟೇ ಒತ್ತುತ್ತ ಬಳಸಿ ನೋಡಲಾಯಿತು. ಲಾಂಛನ, ಭಾವಚಿತ್ರಗಳು, ಸರಿಯುವ ಸುದ್ದಿಸಾಲಿನ ಪ್ರತಿಯೊಂದು ಕೊಂಡಿ ಎಲ್ಲವನ್ನೂ ದಾಟಿ ಅರ್ಜಿಯ ಬಳಿ ತಲುಪುವಷ್ಟರಲ್ಲಿ, ಎಲ್ಲಿದ್ದೇವೆ ಎಂದು ತೋರಿಸುವ ಗುರುತೇ ಪರದೆಯಿಂದ ಮಾಯವಾಗಿತ್ತು. ಅದೇ ಪುಟದ ಮೇಲ್ತುದಿಯಲ್ಲಿ ಅಕ್ಷರದ ಗಾತ್ರ ಹಿಗ್ಗಿಸುವ, ಕುಗ್ಗಿಸುವ ಮೂರು ಗುಂಡಿಗಳಿದ್ದವು. ಆ ಮೂರು ಗುಂಡಿಗಳೇ ಸುಗಮ್ಯತೆ ಎಂಬ ನಂಬಿಕೆ ನಮ್ಮ ತಾಣ ನಿರ್ಮಾಪಕರಲ್ಲಿ ಆಳವಾಗಿ ಬೇರೂರಿದೆ. ಅಕ್ಷರ ಹಿಗ್ಗಿಸುವ ಸೌಲಭ್ಯ ಪ್ರತಿ ಬ್ರೌಸರ್‌ನಲ್ಲಿಯೂ ಇದ್ದೇ ಇದೆ.

ಪರೀಕ್ಷೆಗೆ ಭಾರಿ ಹಣ ಬೇಕೆಂಬುದೂ ಸರಿಯಲ್ಲ. ಐದು ಮಂದಿ ಬಳಕೆದಾರರನ್ನು ಕೂರಿಸಿ ಅವರು ಎಲ್ಲಿ ಎಡವುತ್ತಾರೆಂದು ನೋಡಿದರೆ ಬಹುಪಾಲು ದೋಷಗಳು ಹೊರಬೀಳುತ್ತವೆ ಎಂದು ಈ ಕ್ಷೇತ್ರದ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿಯೇ ಬರೆದಿದ್ದರು. ಆ ಐವರಲ್ಲಿ ಒಬ್ಬರು ಅಂಧರು, ಒಬ್ಬರು ಹಿರಿಯರು, ಒಬ್ಬರು ಕನ್ನಡ ಮಾತ್ರ ಬಲ್ಲವರು ಇರಲಿ. ಕಚೇರಿಯ ಮುಂದಿನ ಸರತಿಯಲ್ಲಿಯೇ ಅವರು ಸಿಗುತ್ತಾರೆ. ನಮ್ಮಲ್ಲಿ ತಾಣವನ್ನು ಮೊದಲು ನೋಡಿ ಒಪ್ಪಿಗೆ ಕೊಡುವವರು ಹಿರಿಯ ಅಧಿಕಾರಿಗಳು, ಅದೂ ದೊಡ್ಡ ಪರದೆಯ ಮೇಲೆ, ಗುತ್ತಿಗೆದಾರನೇ ಮೌಸ್ ಹಿಡಿದು ತೋರಿಸುವಾಗ. ಟೆಂಡರಿನಲ್ಲಿ ಪುಟಗಳ ಸಂಖ್ಯೆ ಇರುತ್ತದೆ, ಅವಧಿ ಇರುತ್ತದೆ. ಅಂಧ ಬಳಕೆದಾರನೊಬ್ಬ ಅರ್ಜಿಯನ್ನು ತಾನೇ ತುಂಬಿ ಸಲ್ಲಿಸಿದ ಮೇಲೆಯೇ ಕೊನೆಯ ಕಂತು ಪಾವತಿ ಎಂಬ ಷರತ್ತು ಏಕಿರಬಾರದು?

ಇದರಲ್ಲಿ ಖಾಸಗಿತನದ ಪ್ರಶ್ನೆಯೂ ಅಡಗಿದೆ. ತಾನೇ ತುಂಬಲಾಗದ ಅರ್ಜಿಯನ್ನು ನಾಗರಿಕ ಪಕ್ಕದ ಸೈಬರ್ ಕೇಂದ್ರಕ್ಕೆ ಒಯ್ಯುತ್ತಾನೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಕೊನೆಗೆ ಫೋನಿಗೆ ಬಂದ ಓಟಿಪಿ ಎಲ್ಲವನ್ನೂ ಅಪರಿಚಿತನಿಗೆ ಓದಿ ಹೇಳುತ್ತಾನೆ. ಗ್ರಾಮ ಒನ್, ಕರ್ನಾಟಕ ಒನ್ ಮುಂತಾದ ಸೇವಾ ಕೇಂದ್ರಗಳು ಅಗತ್ಯವೇ. ಆದರೆ ಅವು ಬಳಸಲಾಗದ ತಾಣಕ್ಕೆ ಊರುಗೋಲಾಗಬಾರದು.

ಕಾನೂನು ಏನೆನ್ನುತ್ತದೆ?

ಸುಗಮ್ಯತೆ ಕಾನೂನಿನ ಹಕ್ಕು ಎಂಬುದು ಮೊದಲು ಸ್ಪಷ್ಟವಾದದ್ದು ಸಿಡ್ನಿಯಲ್ಲಿ. 2000ದ ಒಲಿಂಪಿಕ್ಸ್ ತಾಣ ತಮಗೆ ಓದಲಾಗದಂತಿದೆ ಎಂದು ಬ್ರೂಸ್ ಮಗ್ವಾಯರ್ ಎಂಬ ಅಂಧ ನಾಗರಿಕರು ದೂರಿತ್ತರು. ತಾಣ ತಿದ್ದಲು ಅಪಾರ ಸಮಯ, ಹಣ ಬೇಕೆಂಬ ಸಂಘಟಕರ ವಾದವನ್ನು ಅಲ್ಲಿನ ಮಾನವ ಹಕ್ಕುಗಳ ಆಯೋಗ ಒಪ್ಪಲಿಲ್ಲ. ಆದೇಶ ಪೂರ್ಣವಾಗಿ ಪಾಲನೆಯಾಗದ ಕಾರಣ ಕೊನೆಗೆ 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ವಿಧಿಸಿತು.

ನಮ್ಮಲ್ಲಿ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ ಬಂದದ್ದು 2009ರಲ್ಲಿ. ಮೂರನೇ ಆವೃತ್ತಿ 2023ರಲ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ ವಿದ್ಯುನ್ಮಾನ ಮಾಹಿತಿಯೆಲ್ಲವೂ ಸುಗಮ್ಯ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕೆನ್ನುತ್ತದೆ. ಆದರೆ 2017ರ ನಿಯಮಾವಳಿಯ 15ನೇ ನಿಯಮ ಅವಲಂಬಿಸಿದ್ದು ಸಲಹಾರೂಪದ ಮಾರ್ಗಸೂಚಿಗಳನ್ನು. ಕಾಯ್ದೆ ಕಡ್ಡಾಯ ಎನ್ನುವಾಗ ನಿಯಮ ಸಲಹೆಯಾಗಿ ಉಳಿಯುವುದು ಕಾಯ್ದೆಗೇ ವಿರುದ್ಧ ಎಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ತೀರ್ಪಿತ್ತು, ಕಡ್ಡಾಯ ಮಾನದಂಡ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ವಿಧಿಸಿತು. ಆ ಮೂಲ ಅರ್ಜಿ ಸಲ್ಲಿಕೆಯಾದದ್ದು 2005ರಲ್ಲಿ! 2025ರ ಏಪ್ರಿಲ್ 30ರಂದು ಆಸಿಡ್ ದಾಳಿ ಸಂತ್ರಸ್ತರು ಮತ್ತು ಅಂಧ ಅರ್ಜಿದಾರರೊಬ್ಬರ ಪ್ರಕರಣಗಳಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಡಿಜಿಟಲ್ ಪ್ರವೇಶವು ಸಂವಿಧಾನದ 21ನೇ ವಿಧಿಯಡಿ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಗ್ರಾಹಕರ ಗುರುತು ಖಚಿತಪಡಿಸಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕೆಂಬ ವಿಧಾನದಿಂದ ಆ ಅರ್ಜಿದಾರರು ಬ್ಯಾಂಕ್ ಮತ್ತಿತರ ಸೇವೆಗಳಿಂದ ಹೊರಗುಳಿದಿದ್ದರು. ನ್ಯಾಯಾಲಯ ನೀಡಿದ ನಿರ್ದೇಶನಗಳು 20.

ಬ್ರಿಟನ್ನಿನಲ್ಲಿ 2018ರ ನಿಯಮಗಳ ಪ್ರಕಾರ ಪ್ರತಿ ಸಾರ್ವಜನಿಕ ಸಂಸ್ಥೆ ತನ್ನ ತಾಣದಲ್ಲಿ ಸುಗಮ್ಯತಾ ಹೇಳಿಕೆಯನ್ನು ಪ್ರಕಟಿಸಬೇಕು. ಅದರಲ್ಲಿ ಹೊಗಳಿಕೆಗೆ ಜಾಗವಿಲ್ಲ. ಯಾವ ಭಾಗ ಮಾನದಂಡ ಮುಟ್ಟಿಲ್ಲ, ಅದಕ್ಕೆ ಪರ್ಯಾಯವೇನು, ದೂರು ಯಾರಿಗೆ ಎಂಬುದನ್ನು ಬರೆಯಬೇಕು. ನಮ್ಮ ತಾಣಗಳ ಅಡಿಯಲ್ಲಿಯೂ ಇಂಥ ಹೇಳಿಕೆಯ ಕೊಂಡಿ ಕಾಣಿಸುತ್ತದೆ. ತೆರೆದು ಓದಿದರೆ, ತಾಣವನ್ನು ಎಲ್ಲರೂ ಬಳಸುವಂತೆ ರೂಪಿಸಲಾಗಿದೆ ಎಂಬ ಒಂದೇ ಒಕ್ಕಣೆ ಹಲವೆಡೆ.

ದೂರು ಕೊಡಬಯಸುವವರಿಗೆ ದಾರಿಯಿದೆ. 2016ರ ಕಾಯ್ದೆಯಡಿ ಪ್ರತಿ ರಾಜ್ಯದಲ್ಲಿಯೂ ವಿಕಲಚೇತನರ ಆಯುಕ್ತರಿದ್ದು, ವಿಚಾರಣೆಯ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ಕಾಯ್ದೆಯ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಅನಂತರದ ಪ್ರತಿ ಸಲಕ್ಕೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 89ನೇ ಕಲಮಿನಲ್ಲಿ ಅವಕಾಶವಿದೆ. ದೂರಿನಲ್ಲಿ ಪುಟದ ವಿಳಾಸ, ಬಳಸಿದ ಸ್ಕ್ರೀನ್ ರೀಡರ್‌ನ ಹೆಸರು ಮತ್ತು ಯಾವ ಹಂತದಲ್ಲಿ ಕೆಲಸ ನಿಂತಿತು ಎಂಬ ವಿವರ ಇದ್ದರೆ, ತಾಣವನ್ನು ತಿದ್ದುವವರಿಗೆ ದೋಷ ಎಲ್ಲಿದೆಯೆಂದು ಕೂಡಲೇ ತಿಳಿಯುತ್ತದೆ.